ಬಾಲ ಊರಿ ನಿಂತ ಯಂತ್ರ ಡೈನೊಸಾರ್

ಆಟಿಕೆಯ ಪೆಟ್ಟಿಗೆಯ ಮೇಲೆ ಎಷ್ಟು ಕೀಲುಗಳಿವೆ ಎಂದು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಯಾವ ಕೀಲು ಎಲ್ಲಿದೆ, ಏಕಿದೆ ಎಂದು ಹಾಕಿರುವುದಿಲ್ಲ. ಗೊಂಬೆಯ ನಿಜವಾದ ಗುಣ ಅಡಗಿರುವುದು ಅಲ್ಲಿಯೇ!

ಬೂದು ಬಣ್ಣದ ಮೈ, ಅಲ್ಲಲ್ಲಿ ಚಿನ್ನದ ಹೊಳಪು, ತೆರೆದರೆ ಹಲ್ಲಿನ ಸಾಲು ತೋರುವ ಬಾಯಿ. ನೆಟ್ಟಗೆ ಎದ್ದು ನಿಂತ ಟೈರನೊಸಾರಸ್ ಅದು. ಅದರ ಬಾಲವನ್ನು ಎರಡಾಗಿ ಬಿಡಿಸಿ, ಕಾಲುಗಳನ್ನು ತೋಳಾಗಿಸಿ, ತಲೆಯನ್ನು ಬೆನ್ನ ಹಿಂದಕ್ಕೆ ಮಡಚಿದರೆ ಅದೇ ಡೈನೊಸಾರ್ ಕತ್ತಿ ಹಿಡಿದ ಯಂತ್ರಮಾನವನಾಗುತ್ತದೆ. ಹೆಸರು ಗ್ರಿಮ್‌ಲಾಕ್. 1985ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಈ ಆಟಿಕೆ, ಅದನ್ನು ಆಡಿದ ಮಕ್ಕಳು ಅಪ್ಪ ಅಮ್ಮಂದಿರಾದ ಮೇಲೂ ಮರೆಯಾಗಲಿಲ್ಲ. ಹೊಸ ಹೊಸ ಅಚ್ಚುಗಳಲ್ಲಿ ಮತ್ತೆ ಮತ್ತೆ ಹುಟ್ಟಿ ಬರುತ್ತಲೇ ಇದೆ.

ಇಂಥ ಯಂತ್ರಪ್ರಾಣಿಯೊಂದನ್ನು ಮಗುವಿಗೆ ಕೊಡಿಸುವ ಹಿರಿಯರು ಸಾಮಾನ್ಯವಾಗಿ ನೋಡುವುದು ಮೂರನ್ನೇ: ಬೆಲೆ, ಗಾತ್ರ, ಬಣ್ಣ. ಮಗು ನೋಡುವುದು ನಾಲ್ಕನೆಯದನ್ನು: ‘ಇದು ಏನೇನು ಮಾಡುತ್ತದೆ?’ ಮಗುವಿನ ಪ್ರಶ್ನೆಯೇ ಹೆಚ್ಚು ಸರಿ. ಏಕೆಂದರೆ ಕೀಲುಗೊಂಬೆಯೊಂದರ ಬೆಲೆ ಏರುವುದಕ್ಕೆ ಅದರ ಕೀಲುಗಳೂ ಕಾರಣ. ಒಂದು ಕೀಲು ಹೆಚ್ಚಾದರೆ ಬಿಡಿಭಾಗಗಳು ಹೆಚ್ಚುತ್ತವೆ, ಭಾಗಗಳು ಹೆಚ್ಚಿದಂತೆ ಉಕ್ಕಿನ ಅಚ್ಚು ದೊಡ್ಡದಾಗುತ್ತದೆ, ಜೋಡಿಸುವ ಕೈಗಳ ಕೆಲಸವೂ ಏರುತ್ತದೆ. ಹಾಗಿರುವಾಗ ತೆತ್ತ ಹಣಕ್ಕೆ ತಕ್ಕ ಕೀಲುಗಳು ತಕ್ಕ ಜಾಗದಲ್ಲಿವೆಯೇ ಎಂದು ನೋಡುವುದು ಬೇಡವೇ?

ಗ್ರಿಮ್‌ಲಾಕ್‌ನ ಕಥೆ ಇದಕ್ಕೆ ಒಳ್ಳೆಯ ಪಾಠ. ಆಟಿಕೆಯ ಎಂಜಿನಿಯರಿಂಗ್ ಮತ್ತು ಪ್ರಾಣಿಶಾಸ್ತ್ರ ಎರಡೂ ಅದರ ಬಾಲದ ಬುಡದಲ್ಲಿ ಸಂಧಿಸುತ್ತವೆ.

‘ಗೊಂಬೆ’ ಎನ್ನಬಾರದ ಗೊಂಬೆ

1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ‘ಜಿ.ಐ. ಜೋ’ ಎಂಬ ಸೈನಿಕ ಗೊಂಬೆಯನ್ನು ಹೊರತಂದಿತು. ಸುಮಾರು ಒಂದು ಅಡಿ ಎತ್ತರದ ಆ ಸೈನಿಕನಿಗೆ 21 ಚಲಿಸುವ ಭಾಗಗಳಿದ್ದವು. ಗೊಂಬೆ ಎಂದರೆ ಹುಡುಗರು ಮೂಸಿಯೂ ನೋಡುವುದಿಲ್ಲ ಎಂದು ಹೆದರಿದ ಕಂಪನಿ ಅದಕ್ಕೆ ‘ಆ್ಯಕ್ಷನ್ ಫಿಗರ್’ ಎಂಬ ಹೊಸ ಹೆಸರು ಕಟ್ಟಿತು. ಹೆಸರು ನಿಂತಿತು. ಕನ್ನಡದಲ್ಲಿ ಮಾತ್ರ ಇದಕ್ಕೆ ಹೊಸ ಹೆಸರು ಹುಡುಕಬೇಕಾಗಿಲ್ಲ. ‘ಕೀಲುಗೊಂಬೆ’ ಎಂಬ ಹಳೆಯ ಮಾತೇ ಸಾಕು.

ಜಪಾನಿನ ಟಕಾರಾ ಕಂಪನಿ ಜಿ.ಐ. ಜೋನ ಪರವಾನಗಿ ಪಡೆದು, ಆಮೇಲೆ ಅದೇ ಜಾಡಿನಲ್ಲಿ ತನ್ನದೇ ಗೊಂಬೆಗಳನ್ನು ಮಾಡತೊಡಗಿತು. 1974ರಲ್ಲಿ ಅಂಗೈಯಗಲದ ‘ಮೈಕ್ರೋಮ್ಯಾನ್’ ಬಂತು. 1980ರಲ್ಲಿ ‘ಡಯಾಕ್ಲೋನ್’ ಸರಣಿ ಶುರುವಾಯಿತು. ಬೆರಳುದ್ದದ ಪುಟ್ಟ ಚಾಲಕರು ದೊಡ್ಡ ಯಂತ್ರಗಳೊಳಗೆ ಕುಳಿತು ಅವುಗಳನ್ನು ನಡೆಸುತ್ತಾರೆಂಬುದು ಅದರ ಕಲ್ಪನೆ. ಕಾರು, ವಿಮಾನ, ಲಾರಿಗಳು ಯಂತ್ರಮಾನವರಾಗುತ್ತಿದ್ದ ಆ ಸರಣಿಗೆ ಡೈನೊಸಾರ್‌ಗಳೂ ಸೇರಿದವು. 1984ರಲ್ಲಿ ಹ್ಯಾಸ್‌ಬ್ರೋ ಈ ಜಪಾನೀ ಆಟಿಕೆಗಳನ್ನು ಒಟ್ಟುಗೂಡಿಸಿ ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಹೆಸರಿನಲ್ಲಿ ಮಾರಿತು. ಮರುವರ್ಷ ಡೈನೊಸಾರ್‌ಗಳು ‘ಡೈನೊಬಾಟ್’ಗಳಾಗಿ ಬಂದವು. ಒಟ್ಟು ಐದು. ಟೈರನೊಸಾರಸ್ ಗ್ರಿಮ್‌ಲಾಕ್ ಅವುಗಳ ನಾಯಕ. ಮಿಕ್ಕವುಗಳಲ್ಲಿ ಮೂರು ಕೊಂಬಿನ ಟ್ರೈಸೆರಟಾಪ್ಸ್, ಉದ್ದ ಕತ್ತಿನ ಬ್ರಾಂಟೊಸಾರಸ್, ಬೆನ್ನ ಮೇಲೆ ಫಲಕಗಳಿರುವ ಸ್ಟೆಗೊಸಾರಸ್ ಸೇರಿದ್ದವು. ಐದನೆಯದು ರೆಕ್ಕೆಯ ಟೆರನೊಡಾನ್. ಜೀವವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ತಕರಾರು ಎತ್ತಬಹುದು: ಟೆರನೊಡಾನ್ ಡೈನೊಸಾರ್ ಅಲ್ಲವೇ ಅಲ್ಲ, ಅದೇ ಕಾಲದ ಹಾರುವ ಸರೀಸೃಪ!

ಮೂರು ಬಗೆಯ ಕೀಲು

ಗ್ರಿಮ್‌ಲಾಕ್‌ನ ಮೈ ಬಿಚ್ಚಿ ನೋಡುವ ಮೊದಲು ಕೀಲುಗಳ ಪರಿಚಯ ಬೇಕು. ಶಾಲೆಯ ಪಠ್ಯದಲ್ಲಿ ಮನುಷ್ಯನ ದೇಹದ ಕೀಲುಗಳನ್ನು ಓದಿದವರಿಗೆ ಇದು ಸುಲಭ. ಆಟಿಕೆ ಮಾಡುವವರು ಬಳಸುವುದೂ ಅವನ್ನೇ.

ಮೊದಲನೆಯದು ಬಿಜಾಗರಿ ಕೀಲು. ಬಾಗಿಲಿನಂತೆ ಒಂದೇ ದಿಕ್ಕಿನಲ್ಲಿ ಮಡಚುತ್ತದೆ, ತೆರೆಯುತ್ತದೆ. ನಮ್ಮ ಮೊಣಕೈ, ಮೊಣಕಾಲು ಈ ಬಗೆಯವು. ಗೊಂಬೆಯಲ್ಲಿ ಎರಡು ಭಾಗಗಳ ನಡುವೆ ಒಂದು ಸಣ್ಣ ಲೋಹದ ಕಡ್ಡಿ ತೂರಿಸಿದರೆ ಇದು ಸಿದ್ಧ.

ಎರಡನೆಯದು ತಿರುಗಣಿ ಕೀಲು. ನಲ್ಲಿಯ ಹಿಡಿಯಂತೆ ಇದ್ದಲ್ಲೇ ಸುತ್ತುತ್ತದೆ. ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು ಇದರಿಂದ.

ಮೂರನೆಯದು ಚೆಂಡು ಮತ್ತು ಗುಳಿಯ ಕೀಲು. ಒಂದು ಭಾಗದ ತುದಿಯಲ್ಲಿ ಗುಂಡು, ಇನ್ನೊಂದರಲ್ಲಿ ಅದು ಕೂರುವ ಗುಳಿ. ನಮ್ಮ ಭುಜ, ಸೊಂಟ ಹೀಗಿವೆ. ಮುಂದೆ, ಹಿಂದೆ, ಪಕ್ಕಕ್ಕೆ, ಸುತ್ತ ಎಲ್ಲ ಕಡೆಗೂ ಇದು ಆಡುತ್ತದೆ.

ಚೆಂಡಿನ ಕೀಲು ಅಷ್ಟು ಒಳ್ಳೆಯದಾದರೆ ಎಲ್ಲೆಡೆ ಅದನ್ನೇ ಹಾಕಬಾರದೇಕೆ? ಉತ್ತರ ಭೌತಶಾಸ್ತ್ರದಲ್ಲಿದೆ. ತುಂಬಿದ ತಂಬಿಗೆಯನ್ನು ಎದೆಗೆ ಒತ್ತಿ ಹಿಡಿದರೆ ಆಯಾಸವಿಲ್ಲ. ಅದನ್ನೇ ತೋಳು ಚಾಚಿ ಹಿಡಿದರೆ ಎರಡು ನಿಮಿಷದಲ್ಲಿ ಭುಜ ಸೋಲುತ್ತದೆ. ಭಾರ ದೂರ ಹೋದಷ್ಟೂ ಕೀಲಿನ ಮೇಲೆ ಬೀಳುವ ತಿರುಚುಬಲ ಹೆಚ್ಚು. ನಮ್ಮ ಭುಜವನ್ನು ಸ್ನಾಯುಗಳು ಎತ್ತಿ ಹಿಡಿಯುತ್ತವೆ. ಗೊಂಬೆಗೆ ಸ್ನಾಯುವಿಲ್ಲ. ಅದನ್ನು ಹಿಡಿದಿರುವುದು ಚೆಂಡಿಗೂ ಗುಳಿಗೂ ನಡುವಿನ ಘರ್ಷಣೆ ಮಾತ್ರ. ಆಡಿಸಿದಷ್ಟೂ ಪ್ಲಾಸ್ಟಿಕ್ ಸವೆಯುತ್ತದೆ, ಘರ್ಷಣೆ ಕುಗ್ಗುತ್ತದೆ, ಕೊನೆಗೊಂದು ದಿನ ಎತ್ತಿದ ಕೈ ತಾನಾಗಿ ಕೆಳಗೆ ಬೀಳುತ್ತದೆ.

ಆದ್ದರಿಂದ ದೊಡ್ಡ ಗೊಂಬೆಗಳ ಸೊಂಟಕ್ಕೆ, ಭುಜಕ್ಕೆ ಹಲ್ಲಿನ ಕೀಲು ಹಾಕುತ್ತಾರೆ. ಸೈಕಲ್ಲಿನ ಹಿಂಚಕ್ರದ ಫ್ರೀವೀಲ್ ‘ಟಿಕ್ ಟಿಕ್’ ಎನ್ನುವಂತೆ ಈ ಕೀಲು ಹಲ್ಲಿನಿಂದ ಹಲ್ಲಿಗೆ ಜಾರಿ, ಇಟ್ಟಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಭಾರ ತಡೆಯುತ್ತದೆ ನಿಜ. ಆದರೆ ಎರಡು ಹಲ್ಲುಗಳ ನಡುವಿನ ಭಂಗಿ ಬೇಕೆಂದರೆ ಸಿಗುವುದಿಲ್ಲ. ಹೀಗೆ ಪ್ರತಿ ಕೀಲೂ ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯುತ್ತದೆ. ವಿನ್ಯಾಸಗಾರನ ಜಾಣ್ಮೆ ಇರುವುದು ಎಲ್ಲಿ ಯಾವುದನ್ನು ಬಿಟ್ಟುಕೊಡಬೇಕು ಎಂಬ ಆಯ್ಕೆಯಲ್ಲಿ.

ಬಾಲವೇ ಕಾಲು, ಕಾಲೇ ತೋಳು

ಈಗ ಗ್ರಿಮ್‌ಲಾಕ್‌ಗೆ ಬರೋಣ. 1985ರ ಈ ಆಟಿಕೆಯಲ್ಲಿ ಎರಕ ಹೊಯ್ದ ಲೋಹದ ಭಾಗಗಳೂ ಇದ್ದವು. ಕೈಗೆ ಸಿಗುವ ಆ ತೂಕ ಅದಕ್ಕೊಂದು ಗಾಂಭೀರ್ಯ ಕೊಟ್ಟಿತ್ತು. ಡೈನೊಸಾರ್ ರೂಪದಿಂದ ಯಂತ್ರಮಾನವನ ರೂಪಕ್ಕೆ ಬರುವಾಗ ಅದರ ಅಂಗಗಳು ಮಾಡುವ ಅದಲುಬದಲು ಬಹಳ ಸ್ವಾರಸ್ಯದ್ದು. ಡೈನೊಸಾರ್‌ನ ಬಾಲ ಎರಡಾಗಿ ಯಂತ್ರಮಾನವನ ಕಾಲುಗಳಾಗುತ್ತದೆ. ಡೈನೊಸಾರ್‌ನ ಕಾಲುಗಳು ಯಂತ್ರಮಾನವನ ತೋಳುಗಳಾಗುತ್ತವೆ. ಡೈನೊಸಾರ್‌ನ ತಲೆ ಬೆನ್ನಿಗೆ ಸರಿದು, ಒಳಗಿನಿಂದ ಮನುಷ್ಯಾಕಾರದ ತಲೆ ಕಾಣಿಸಿಕೊಳ್ಳುತ್ತದೆ.

ಬಿಡಿಸಿಕೊಂಡು ಬೀಳುವ ಭಾಗಗಳಿಲ್ಲದೆ, ಕೈಯಾಡಿಸಿದರೆ ಮಗುವಿಗೂ ಹೊಳೆಯುವಷ್ಟು ಸರಳವಾದ ಉಪಾಯ ಇದು. ಒಂದು ಆಕಾರದೊಳಗೆ ಇನ್ನೊಂದನ್ನು ಅಡಗಿಸುವ ವಿದ್ಯೆಯಲ್ಲಿ ಗ್ರಿಮ್‌ಲಾಕ್‌ಗೆ ಪೂರ್ಣಾಂಕ ಕೊಡಬಹುದು.

ಆದರೆ ಈ ಉಪಾಯಕ್ಕೆ ಒಂದು ಬೆಲೆ ಇದೆ. ಯಂತ್ರಮಾನವನ ಮುಂಡ ನೇರವಾಗಿ ಮೇಲಕ್ಕೆ ನಿಂತಿದೆ. ಅದೇ ಮುಂಡ ಡೈನೊಸಾರ್‌ನದೂ ಆಗಬೇಕು. ಹಾಗಾಗಿ ಡೈನೊಸಾರ್ ಕೂಡ ಕಂಬದಂತೆ ನೆಟ್ಟಗೆ ನಿಲ್ಲಲೇಬೇಕು. ಎರಡು ಕಾಲು ಸೇರಿ ಆದ ಬಾಲ ದಪ್ಪವಾಗಿ, ಭಾರವಾಗಿ ನೆಲಕ್ಕೆ ಊರುತ್ತದೆ. ಪ್ರಾಣಿಯ ರೂಪದಲ್ಲಿ ಅದನ್ನು ಅತ್ತಿತ್ತ ಬಳುಕಿಸಲು ಬರುವುದಿಲ್ಲ. ಬಾಯಿ ತೆರೆಯುತ್ತದೆ, ಕಾಲು ಆಡುತ್ತದೆ. ಆದರೆ ಓಡುವ, ಬಾಗಿ ಕಚ್ಚುವ, ತಿರುಗಿ ನೋಡುವ ಪ್ರಾಣಿಯನ್ನು ಅದರಲ್ಲಿ ಕಾಣುವುದು ಕಷ್ಟ.

1954ರ ಜಪಾನೀ ಚಲನಚಿತ್ರದ ಗಾಡ್ಜಿಲ್ಲಾ ಕೂಡ ಹೀಗೆಯೇ ನೆಟ್ಟಗೆ ನಡೆದಿತ್ತು. ಕಾರಣ, ಆ ರಬ್ಬರ್ ವೇಷದೊಳಗೆ ಒಬ್ಬ ಮನುಷ್ಯನಿದ್ದ! ಗ್ರಿಮ್‌ಲಾಕ್‌ನದೂ ಒಂದರ್ಥದಲ್ಲಿ ಅದೇ ಪಾಡು. ಡೈನೊಸಾರ್‌ನ ವೇಷದೊಳಗೆ ಮನುಷ್ಯಾಕೃತಿ ಅಡಗಿ ಕುಳಿತಿದೆ.

ನೆಲಕ್ಕೂರಿದ ಬಾಲದಿಂದ ಒಂದು ಲಾಭವೂ ಉಂಟು. ಎರಡು ಕಾಲು ಮತ್ತು ಒಂದು ಬಾಲ ಸೇರಿದರೆ ಮೂರು ಊರುಗೋಲು. ಮೂರು ಕಾಲಿನ ಮುಕ್ಕಾಲಿ ಎಂಥ ಒರಟು ನೆಲದಲ್ಲೂ ಅಲುಗಾಡದೆ ನಿಲ್ಲುತ್ತದೆ. ಗ್ರಿಮ್‌ಲಾಕ್ ಮೇಜಿನ ಮೇಲೆ ಬೀಳದೆ ನಿಲ್ಲುವ ಗುಟ್ಟು ಇದೇ.

ಮೂಳೆಗಳು ಹೇಳಿದ ಬೇರೆ ಕಥೆ

ನಿಜವಾದ ಟೈರನೊಸಾರಸ್ ರೆಕ್ಸ್ ಹೀಗೆ ನಿಲ್ಲುತ್ತಿತ್ತೇ?

ಬಹುಕಾಲ ವಿಜ್ಞಾನಿಗಳೂ ಹಾಗೆಂದೇ ನಂಬಿದ್ದರು. 1902ರಲ್ಲಿ ಬಾರ್ನಮ್ ಬ್ರೌನ್ ಅಮೆರಿಕದ ಮೊಂಟಾನಾ ಪ್ರಾಂತ್ಯದಲ್ಲಿ ಅಗೆದು ತೆಗೆದ ಮೂಳೆಗಳಿಗೆ 1905ರಲ್ಲಿ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್ ‘ಟೈರನೊಸಾರಸ್ ರೆಕ್ಸ್’ ಎಂದು ಹೆಸರಿಟ್ಟರು. ನ್ಯೂಯಾರ್ಕಿನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ 1915ರಲ್ಲಿ ಇಡೀ ಅಸ್ಥಿಪಂಜರವನ್ನು ಜೋಡಿಸಿ ನಿಲ್ಲಿಸಿದಾಗ ಅದು ತಲೆಯೆತ್ತಿ, ಬಾಲವನ್ನು ನೆಲದ ಮೇಲೆ ಎಳೆದು ನಿಂತಿತ್ತು. ಪಠ್ಯಪುಸ್ತಕ, ಸಿನಿಮಾ, ಚಿತ್ರಕಥೆ, ಆಟಿಕೆ ಎಲ್ಲಕ್ಕೂ ಆ ಭಂಗಿಯೇ ಮೂಲಪ್ರತಿಯಾಯಿತು.

1969ರಲ್ಲಿ ಜಾನ್ ಆಸ್ಟ್ರಮ್ ಎಂಬ ವಿಜ್ಞಾನಿ ಡೈನೊನಿಕಸ್ ಎಂಬ ಚಿಕ್ಕ ಬೇಟೆಗಾರ ಡೈನೊಸಾರ್‌ನ ವಿವರ ಪ್ರಕಟಿಸಿದರು. ಅದರ ಬಾಲದ ಮೂಳೆಗಳನ್ನು ಉದ್ದನೆಯ ಕಡ್ಡಿಗಳಂಥ ಎಲುಬುಗಳು ಒಂದಕ್ಕೊಂದು ಬಿಗಿದಿದ್ದವು. ಇಂಥ ಬಾಲ ನೆಲದ ಮೇಲೆ ಹಾವಿನಂತೆ ಬಳುಕಲಾರದು, ಓಡುವಾಗ ಹಿಂದಕ್ಕೆ ಚಾಚಿ ನಿಲ್ಲಬೇಕು. ಇದರ ಜೊತೆಗೆ ಇನ್ನೊಂದು ಸಾಕ್ಷ್ಯವಿತ್ತು. ಕಲ್ಲಾಗಿ ಉಳಿದ ಡೈನೊಸಾರ್ ಹೆಜ್ಜೆಗುರುತುಗಳು ಲೋಕದ ಹಲವು ಕಡೆ ಸಿಕ್ಕಿವೆ. ಆ ಹೆಜ್ಜೆಗಳ ಹಿಂದೆ ಬಾಲ ಎಳೆದ ಗೆರೆ ಕಾಣುವುದು ಬಹಳ ಅಪರೂಪ. ನೆಲ ಮುಟ್ಟದ ಬಾಲ ಗೆರೆ ಎಳೆಯುವುದಾದರೂ ಹೇಗೆ?

ಹೀಗೆ ಹೊಸ ಚಿತ್ರ ಮೂಡಿತು. ಬೆನ್ನು ನೆಲಕ್ಕೆ ಹೆಚ್ಚುಕಡಿಮೆ ಸಮಾಂತರ. ಮುಂದೆ ಭಾರವಾದ ತಲೆ, ಹಿಂದೆ ಭಾರವಾದ ಬಾಲ, ನಡುವೆ ಸೊಂಟ. ಟೈರನೊಸಾರಸ್ ಒಂದು ನಡೆದಾಡುವ ತಕ್ಕಡಿ! ನ್ಯೂಯಾರ್ಕಿನ ಅದೇ ಸಂಗ್ರಹಾಲಯ ತನ್ನ ಹಳೆಯ ಅಸ್ಥಿಪಂಜರವನ್ನು ಬಿಚ್ಚಿ, ಈ ಹೊಸ ನಿಲುವಿನಲ್ಲಿ ಮತ್ತೆ ಜೋಡಿಸಿ, 1995ರಲ್ಲಿ ಜನರಿಗೆ ತೋರಿಸಿತು. ಅದಕ್ಕೂ ಎರಡು ವರ್ಷ ಮೊದಲು, 1993ರಲ್ಲಿ, ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಜುರಾಸಿಕ್ ಪಾರ್ಕ್’ ಚಿತ್ರದಲ್ಲಿ ಜೀಪನ್ನು ಅಟ್ಟಿಸಿಕೊಂಡು ಬಂದ ಟೈರನೊಸಾರಸ್ ಇದೇ ನಿಲುವನ್ನು ಲೋಕಕ್ಕೆಲ್ಲ ಪರಿಚಯಿಸಿತ್ತು.

ತಕ್ಕಡಿಯಂತೆ ನಿಲ್ಲುವ ಗೊಂಬೆ

ಆಟಿಕೆ ಮಾಡುವವರಿಗೆ ಇದರಿಂದ ತಲೆನೋವು ಶುರುವಾಯಿತು. ಮೂರನೆಯ ಊರುಗೋಲಾದ ಬಾಲ ಗಾಳಿಗೆ ಏರಿದ ಮೇಲೆ ಗೊಂಬೆ ಎರಡೇ ಪಾದಗಳ ಮೇಲೆ ನಿಲ್ಲಬೇಕು. ಗೊಂಬೆಯ ಇಡೀ ತೂಕ ಒಂದೇ ಬಿಂದುವಿನಲ್ಲಿ ಸೇರಿದೆ ಎಂದುಕೊಂಡರೆ, ಆ ಗುರುತ್ವ ಕೇಂದ್ರದಿಂದ ಕೆಳಗೆ ಬಿಟ್ಟ ತೂಗುದಾರ ಪಾದಗಳ ನಡುವಿನ ಜಾಗದಲ್ಲೇ ಬೀಳಬೇಕು. ಹೊರಗೆ ಬಿತ್ತೋ, ಗೊಂಬೆ ಮುಗ್ಗರಿಸುತ್ತದೆ. ತಲೆಗೊಂದು ಹೆಚ್ಚಿನ ಕೀಲು, ದವಡೆಗೊಂದು ಲೋಹದ ಕಡ್ಡಿ ಸೇರಿಸಿದರೂ ತಕ್ಕಡಿ ಮುಂದಕ್ಕೆ ವಾಲುತ್ತದೆ. ಆಗ ಬಾಲವನ್ನು ಉದ್ದ ಮಾಡಬೇಕು, ಇಲ್ಲವೇ ಪಾದವನ್ನು ಅಗಲ ಮಾಡಬೇಕು.

1996ರಲ್ಲಿ ಹ್ಯಾಸ್‌ಬ್ರೋದ ಅಂಗವಾದ ಕೆನ್ನರ್ ‘ಬೀಸ್ಟ್ ವಾರ್ಸ್’ ಎಂಬ ಹೊಸ ಸರಣಿ ತಂದಿತು. ಇಲ್ಲಿ ಕಾರು ವಿಮಾನಗಳಿಲ್ಲ, ಯಂತ್ರಮಾನವರೆಲ್ಲ ಪ್ರಾಣಿಗಳಾಗಿ ಮಾರ್ಪಡುತ್ತಿದ್ದರು. ಚಿರತೆ, ಘೇಂಡಾಮೃಗ, ಇಲಿ, ಗೊರಿಲ್ಲಾ, ಜೊತೆಗೆ ನೇರಳೆ ಬಣ್ಣದ ಟೈರನೊಸಾರಸ್ ಆದ ಮೆಗಟ್ರಾನ್. ಈ ಸರಣಿಯ ದೊಡ್ಡ ಹೆಜ್ಜೆ ಎಂದರೆ ಚೆಂಡು ಗುಳಿಯ ಕೀಲುಗಳ ಧಾರಾಳ ಬಳಕೆ. ಮೊದಲಿನ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಹಲವು ಕೀಲುಗಳು ರೂಪ ಬದಲಿಸಲೆಂದೇ ಇದ್ದವು. ಭಂಗಿಗೆ ಅವು ಒದಗಿದರೆ ಅದೃಷ್ಟ. ಇಲ್ಲಿ ಭಂಗಿಗೆಂದೇ ಕೀಲು ಬಂತು. ಜೇಬಿನಷ್ಟು ಗಾತ್ರದ ಗೊಂಬೆಗೂ ಭುಜ, ಸೊಂಟ ಎಲ್ಲ ದಿಕ್ಕಿಗೂ ತಿರುಗತೊಡಗಿತು.

ಮೆಗಟ್ರಾನ್‌ನ ವಿನ್ಯಾಸ ಗ್ರಿಮ್‌ಲಾಕ್‌ನದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು. ಇಲ್ಲಿ ಡೈನೊಸಾರ್‌ನ ಕಾಲೇ ಯಂತ್ರಮಾನವನಿಗೂ ಕಾಲು. ಡೈನೊಸಾರ್‌ನ ತಲೆ ಯಂತ್ರಮಾನವನ ಬಲಗೈ! ಕೈ ಬೀಸಿದರೆ ಬಾಯಿ ತೆರೆದ ಟೈರನೊಸಾರಸ್ ಎದುರಾಳಿಯ ಮೇಲೆ ಎರಗಿದಂತೆ. ಕಾಲು ಕಾಲಾಗಿಯೇ ಉಳಿದದ್ದರಿಂದ ಅದನ್ನು ಪ್ರಾಣಿಯ ಕಾಲಿನಂತೆ ರೂಪಿಸಲು ಅವಕಾಶವಾಯಿತು. ಬಾಲ ಎರಡು ಕಾಲುಗಳನ್ನು ಬಚ್ಚಿಡುವ ಹೊರೆಯಿಂದ ಬಿಡುಗಡೆ ಪಡೆಯಿತು. ಆದರೆ ಯಂತ್ರಮಾನವನ ಬಲಗೈಯಲ್ಲಿ ಬೆರಳುಗಳಿಲ್ಲ, ಅಷ್ಟು ದೊಡ್ಡ ತಲೆಯ ಭಾರವನ್ನು ಒಂದೇ ಭುಜ ಹೊರಬೇಕು. ಇಲ್ಲಿ ಪ್ರಾಣಿ ಗೆದ್ದು ಮನುಷ್ಯಾಕೃತಿ ತುಸು ಸೋತಿದೆ.

ಕಾಲಿನ ವಿಷಯದಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಡೈನೊಸಾರ್, ಕೋಳಿ, ನಾಯಿ, ಬೆಕ್ಕುಗಳ ಹಿಂಗಾಲಿನಲ್ಲಿ ಮೊಣಕಾಲು ಹಿಂದಕ್ಕೆ ಮಡಚಿದಂತೆ ಕಾಣುತ್ತದೆ. ನಿಜವಾಗಿ ಅದು ಮೊಣಕಾಲೇ ಅಲ್ಲ, ಹಿಮ್ಮಡಿಯ ಗಂಟು! ಈ ಪ್ರಾಣಿಗಳು ಬೆರಳ ಮೇಲೆ ನಡೆಯುತ್ತವೆ. ಹಿಮ್ಮಡಿ ನೆಲದಿಂದ ಮೇಲೆದ್ದಿರುತ್ತದೆ. ನಿಜವಾದ ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಬಳಿ ಇದ್ದು ನಮ್ಮದರಂತೆ ಮುಂದಕ್ಕೇ ಬಾಗುತ್ತದೆ. ಒಳ್ಳೆಯ ಯಂತ್ರಪ್ರಾಣಿಯ ಕಾಲಿನಲ್ಲಿ ಸೊಂಟ, ಮೊಣಕಾಲು, ಹಿಮ್ಮಡಿ, ಬೆರಳಬುಡ ಎಂಬ ನಾಲ್ಕು ಕೀಲುಗಳು ಇದೇ ಕ್ರಮದಲ್ಲಿ, ಅಂಕುಡೊಂಕಾಗಿ ಇರುತ್ತವೆ. ಮಧ್ಯೆ ಒಂದೇ ಕೀಲು ಹಾಕಿ ಅದನ್ನು ಹಿಂದಕ್ಕೆ ಮಡಚಿಬಿಟ್ಟರೆ ವಿನ್ಯಾಸಗಾರ ಪ್ರಾಣಿಯನ್ನು ಸರಿಯಾಗಿ ನೋಡಿಲ್ಲವೆಂದೇ ಅರ್ಥ.

ತಾನೇ ನಡೆಯುವ ಪ್ರಾಣಿ

ಕೀಲು ಕಡಿಮೆ ಇದ್ದ ಮಾತ್ರಕ್ಕೆ ಗೊಂಬೆ ಕೆಟ್ಟದ್ದು ಎನ್ನಲಾಗದು. ಅದಕ್ಕೆ ಸಾಕ್ಷಿ ಜಪಾನಿನ ಟೋಮಿ ಕಂಪನಿಯ ‘ಝೋಯಿಡ್ಸ್’. 1980ರ ದಶಕದಲ್ಲಿ ಬಂದ ಈ ಯಂತ್ರಪ್ರಾಣಿಗಳನ್ನು ಮಕ್ಕಳೇ ಬಿಡಿಭಾಗಗಳಿಂದ ಜೋಡಿಸಬೇಕಿತ್ತು. ಅಂಟು ಬೇಡ, ಒತ್ತಿದರೆ ಕೂರುತ್ತದೆ. ತಿರುಗುವ ಅಚ್ಚುಗಳ ತುದಿಗೆ ಪುಟ್ಟ ರಬ್ಬರ್ ಟೋಪಿ ಹಾಕಿದರೆ ಕಾಲು ಕಳಚುವುದಿಲ್ಲ. ಕೆಲವಕ್ಕೆ ಕೀ ಕೊಟ್ಟರೆ, ಕೆಲವಕ್ಕೆ ಬ್ಯಾಟರಿ ಹಾಕಿದರೆ ಸಾಕು, ನಡೆಯುತ್ತಿದ್ದವು. ಟೈರನೊಸಾರಸ್‌ನಂತೆ ನೆಟ್ಟಗೆ ನಿಂತ ‘ಗೋಜುಲಾಸ್’ ಬ್ಯಾಟರಿಯದು.

ಒಂದೇ ಮೋಟಾರು ಎರಡು ಕಾಲುಗಳನ್ನು ಸರದಿಯಲ್ಲಿ ಹೇಗೆ ಎತ್ತಿಡುತ್ತದೆ? ಸೈಕಲ್ಲಿನ ಪೆಡಲ್ ನೆನೆದರೆ ಸಾಕು. ಒಂದು ಮೇಲಿದ್ದಾಗ ಇನ್ನೊಂದು ಕೆಳಗೆ. ಅದೇ ಬಗೆಯ ಬಾಗು ಅಚ್ಚು ಮೋಟಾರಿನ ಸುತ್ತಾಟವನ್ನು ಕಾಲಿನ ಹಿಂದುಮುಂದಿನ ಓಲಾಟವಾಗಿ ಬದಲಿಸುತ್ತದೆ. ಆದರೆ ಹೀಗೆ ಯಂತ್ರಕ್ಕೆ ಕಟ್ಟಿದ ಕಾಲನ್ನು ಮಗು ತನಗೆ ಬೇಕಾದಂತೆ ಮಡಚಲಾರದು. ಟಕಾರಾದ ಗೊಂಬೆಯ ಕೀಲು ಮಗುವಿನ ಕೈಗೆ ಸೇರಿದ್ದು, ಟೋಮಿಯ ಗೊಂಬೆಯ ಕೀಲು ಮೋಟಾರಿಗೆ ಸೇರಿದ್ದು. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವುದು ನ್ಯಾಯವಲ್ಲ. 2006ರಲ್ಲಿ ಈ ಎರಡು ಕಂಪನಿಗಳೇ ಒಂದಾಗಿ ‘ಟಕಾರಾ ಟೋಮಿ’ ಆದದ್ದು ಬೇರೆ ಮಾತು!

ಹಳೆಯ ನಿಲುವಿನ ಮೋಹ

ವಿಜ್ಞಾನ ಮುಂದೆ ಹೋದರೆ ಆಟಿಕೆಯೂ ಹಿಂದೆ ಹಿಂದೆಯೇ ಬರುತ್ತದೆ ಎಂದುಕೊಂಡರೆ ಅದು ಅರ್ಧ ಸತ್ಯ. 2014ರ ಟ್ರಾನ್ಸ್‌ಫಾರ್ಮರ್ಸ್ ಚಲನಚಿತ್ರದಲ್ಲಿ ಗ್ರಿಮ್‌ಲಾಕ್ ಬೆನ್ನು ಬಾಗಿಸಿ, ಬಾಲ ಚಾಚಿ ಓಡಿತು. ಆದರೆ 2009ರಲ್ಲಿ ಸಂಗ್ರಹಕಾರರಿಗೆಂದು ಬಂದ ದುಬಾರಿ ಗ್ರಿಮ್‌ಲಾಕ್, 2021ರಲ್ಲಿ ಬಂದ ಇನ್ನೊಂದು ಗ್ರಿಮ್‌ಲಾಕ್ ಎರಡೂ ಹಳೆಯ ಭಂಗಿಯಲ್ಲಿ ನೆಟ್ಟಗೆ ನಿಂತವು. ಕೀಲುಗಳು ಹೊಸವು, ಬೆನ್ನೆಲುಬು ಮಾತ್ರ ಹಳೆಯದು. ಇದು ಅಜ್ಞಾನವಲ್ಲ, ತಿಳಿದೇ ಮಾಡಿದ ಆಯ್ಕೆ. ಕೊಳ್ಳುವವರಿಗೆ ಬೇಕಾದದ್ದು ಆರೂವರೆ ಕೋಟಿ ವರ್ಷಗಳಿಗೂ ಹಿಂದಿನ ಪ್ರಾಣಿಯಲ್ಲ, ತಮ್ಮ ಬಾಲ್ಯದ ಟಿ.ವಿ. ಪರದೆಯ ಪ್ರಾಣಿ.

ಇದರಲ್ಲಿ ಹಾನಿಯೇನು ಎಂದು ಕೇಳಬಹುದು. ಅಮೆರಿಕದ ಇಥಾಕಾ ನಗರದಲ್ಲಿ ನಡೆಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಾಲೇಜು ವಿದ್ಯಾರ್ಥಿಗಳಿಗೂ ಚಿಕ್ಕ ಮಕ್ಕಳಿಗೂ ಟೈರನೊಸಾರಸ್‌ನ ಚಿತ್ರ ಬರೆಯಲು ಹೇಳಲಾಯಿತು. ‘ಜುರಾಸಿಕ್ ಪಾರ್ಕ್’ ಬಂದು ಎರಡು ದಶಕವಾಗಿದ್ದರೂ ಅರ್ಧಕ್ಕಿಂತ ಹೆಚ್ಚು ಮಂದಿ ಬರೆದದ್ದು ನೆಟ್ಟಗೆ ನಿಂತ ಹಳೆಯ ಪ್ರಾಣಿಯನ್ನೇ! ಎಳವೆಯಲ್ಲಿ ಆಟಿಕೆ, ವ್ಯಂಗ್ಯಚಿತ್ರಗಳಿಂದ ಮನಸ್ಸಿನಲ್ಲಿ ಕೂತ ರೂಪ ಅಷ್ಟು ಸುಲಭವಾಗಿ ಅಳಿಯುವುದಿಲ್ಲವೆಂದು ಅಧ್ಯಯನ ಮಾಡಿದವರು ಊಹಿಸಿದರು. ಕಣ್ಣು ನೋಡಿ ಮರೆತದ್ದನ್ನು ಕೈ ಮರೆಯುವುದಿಲ್ಲ. ಮಗು ಸಾವಿರ ಸಲ ಹಿಡಿದು ಆಡಿದ ಗೊಂಬೆ ಅದರ ಮೊದಲ ಪ್ರಾಣಿಶಾಸ್ತ್ರದ ಪುಸ್ತಕ.

ಹಾಗೆಂದು ಗ್ರಿಮ್‌ಲಾಕ್‌ನನ್ನು ಮನೆಯಿಂದ ಹೊರಗೆ ಹಾಕಬೇಕಾಗಿಲ್ಲ. ‘ಇದು ಹೀಗೇಕೆ ನಿಂತಿದೆ?’ ಎಂದು ಮನೆಯಲ್ಲಿ ಯಾರಾದರೊಬ್ಬರು ಕೇಳಿದರೆ ಸಾಕು. ತಪ್ಪು ನಿಲುವಿನ ಗೊಂಬೆಯೂ ಸರಿಯಾದ ಪಾಠ ಹೇಳತೊಡಗುತ್ತದೆ.

ಕೊಳ್ಳುವ ಮುನ್ನ

* ಐ.ಎಸ್.ಐ. ಗುರುತು ಇದೆಯೇ ನೋಡಿ. ಭಾರತದಲ್ಲಿ ಮಾರುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಇದು ಕಡ್ಡಾಯ. ಪೆಟ್ಟಿಗೆಯ ಮೇಲಿನ ವಯಸ್ಸಿನ ಸೂಚನೆಯನ್ನು ಕಡೆಗಣಿಸಬೇಡಿ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಕಳಚಿ ಬರುವ ಸಣ್ಣ ಆಯುಧ, ಗುಂಡುಗಳು ಗಂಟಲಿಗೆ ಸಿಕ್ಕುವ ಅಪಾಯವಿದೆ.

* ಕೀಲುಗಳನ್ನು ಎಣಿಸುವುದಕ್ಕಿಂತ ಅವು ಇರುವ ಜಾಗ ನೋಡಿ. ಆ ಪ್ರಾಣಿಯ ಮೈ ಎಲ್ಲಿ ಬಾಗುತ್ತದೋ ಅಲ್ಲಿ ಗೊಂಬೆಯೂ ಬಾಗಬೇಕು. ಚಿರತೆಗೆ ಬೆನ್ನು, ಆನೆಗೆ ಸೊಂಡಿಲು, ಟೈರನೊಸಾರಸ್‌ಗೆ ಕತ್ತು ಮತ್ತು ಬಾಲದ ಬುಡ ಮುಖ್ಯ.

* ಬಿಚ್ಚಿ ತೋರಿಸಿದರೆ ನಿಲ್ಲಿಸಿ ನೋಡಿ. ಒಂದು ಕಾಲು ಮುಂದಿಟ್ಟಾಗಲೂ ಬೀಳದಿದ್ದರೆ ತೂಕದ ಹಂಚಿಕೆ ಚೆನ್ನಾಗಿದೆ. ಕಾಲು ಅಗಲಿಸಿದಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಅದಕ್ಕೆ ಪಾದದ ಗಂಟು ಪಕ್ಕಕ್ಕೂ ವಾಲುವಂತಿರಬೇಕು.

* ತಲೆ, ಬಾಲಗಳನ್ನು ಎತ್ತಿ ಬಿಡಿ. ಹೊಸದಾಗಿದ್ದಾಗಲೇ ಜೋತು ಬಿದ್ದರೆ ಆ ಕೀಲು ಒಂದು ವರ್ಷ ಬಾಳುವುದು ಕಷ್ಟ.

* ಟೈರನೊಸಾರಸ್ ಆದರೆ ಮುಂಗೈ ಬೆರಳು ಎಣಿಸಿ. ಎರಡೇ ಇರಬೇಕು. ಅಂಗೈಗಳು ನೆಲ ನೋಡದೆ, ಚಪ್ಪಾಳೆ ತಟ್ಟುವಂತೆ ಎದುರುಬದುರು ಇರಬೇಕು.

* ಬಹಳ ಹಳೆಯ ಆಟಿಕೆ ಸಿಕ್ಕಿದರೆ ಚಿನ್ನದ ಬಣ್ಣದ ಪ್ಲಾಸ್ಟಿಕ್ ಭಾಗಗಳನ್ನು ಒತ್ತಿ ತಿರುಗಿಸಬೇಡಿ. ಆ ಕಾಲದ ಕೆಲವು ಚಿನ್ನದ ಬಣ್ಣದ ಪ್ಲಾಸ್ಟಿಕ್‌ಗಳು ವರ್ಷ ಕಳೆದಂತೆ ಬಿಸ್ಕತ್ತಿನಂತೆ ಪುಡಿಯಾಗುತ್ತವೆ.

* ಚೆಂಡಿನ ಕೀಲು ಸಡಿಲವಾದರೆ ಗೊಂಬೆಯನ್ನು ಎಸೆಯಬೇಕಿಲ್ಲ. ದೊಡ್ಡವರು ಚೆಂಡನ್ನು ಗುಳಿಯಿಂದ ಬಿಡಿಸಿ, ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಬಳಿದು, ಪೂರ್ತಿ ಒಣಗಿದ ಮೇಲೆ ಮತ್ತೆ ಕೂರಿಸಿದರೆ ಹಿಡಿತ ಮರಳುತ್ತದೆ.

ಕೋಳಿಗೆ ಕಟ್ಟಿದ ಬಾಲ

ದುಬಾರಿ ಗೊಂಬೆ ಕೊಳ್ಳಲಾಗದ ಮನೆಯ ಮಕ್ಕಳು ಏನನ್ನೂ ಕಳೆದುಕೊಳ್ಳುವುದಿಲ್ಲ. ಟೈರನೊಸಾರಸ್‌ನ ಹತ್ತಿರದ ನೆಂಟರು ಊರ ಬೀದಿಯಲ್ಲೇ ಓಡಾಡಿಕೊಂಡಿದ್ದಾರೆ. ಪಕ್ಷಿಗಳು ಇದೇ ಬೇಟೆಗಾರ ಡೈನೊಸಾರ್‌ಗಳ ಬಳಗದಿಂದ ಬಂದವೆಂದು ವಿಜ್ಞಾನಿಗಳು ಒಪ್ಪಿದ್ದಾರೆ. ಚಿಲಿ ದೇಶದ ಸಂಶೋಧಕರು ಕೋಳಿಗಳಿಗೆ ಮರಿಯಾಗಿದ್ದಾಗಿನಿಂದಲೇ ಭಾರವಾದ ಕೃತಕ ಬಾಲ ಕಟ್ಟಿ ಬೆಳೆಸಿ, ಅವುಗಳ ನಡಿಗೆಯನ್ನು ಅಳೆದು 2014ರಲ್ಲಿ ವರದಿ ಪ್ರಕಟಿಸಿದರು. ಬಾಲ ಬಂದ ಮೇಲೆ ಕೋಳಿಯ ತೊಡೆ ಹೆಚ್ಚು ನೇರವಾಯಿತು, ಹೆಜ್ಜೆ ಮೊಣಕಾಲಿನಿಂದಲ್ಲದೆ ಸೊಂಟದಿಂದ ಬೀಳತೊಡಗಿತು. ಬಾಲದ ಭಾರ ಬದಲಾದರೆ ಕಾಲಿನ ಕೀಲುಗಳ ಕೆಲಸವೇ ಬದಲಾಗುತ್ತದೆ! ಓದಿದವರು ಮೊದಲು ನಗುವ, ಆಮೇಲೆ ಯೋಚಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಮರುವರ್ಷ ಇದಕ್ಕೆ ಬಂತು.

ಕೋಳಿಗೆ ಬಾಲ ಕಟ್ಟುವ ಗೋಜಿಗೆ ಮಕ್ಕಳು ಹೋಗಬೇಕಾಗಿಲ್ಲ. ಕಾಳು ಹೆಕ್ಕುತ್ತ ನಡೆಯುವ ನಾಟಿಕೋಳಿಯೊಂದನ್ನು ಹತ್ತು ನಿಮಿಷ ನೋಡಿದರೆ ಸಾಕು. ಬೆನ್ನು ಹೇಗಿದೆ, ಹಿಮ್ಮಡಿಯ ಗಂಟು ಎಲ್ಲಿದೆ, ಹೆಜ್ಜೆ ಎತ್ತುವಾಗ ಬೆರಳು ಹೇಗೆ ಮಡಚುತ್ತದೆ ಎಂಬುದೆಲ್ಲ ಕಾಣುತ್ತದೆ. ಕಂಡದ್ದನ್ನು ರಟ್ಟಿನ ಮೇಲೆ ಬರೆದು, ಕತ್ತರಿಸಿ, ಕೀಲಿರುವಲ್ಲಿ ತೂತು ಮಾಡಿ ದಾರದ ಗಂಟು ಹಾಕಿದರೆ ಸ್ವಂತ ಕೀಲುಗೊಂಬೆ ಸಿದ್ಧ. ಅದನ್ನು ಒಮ್ಮೆ ಮಾಡಿದ ಮಗು ಮುಂದೆ ಆಟಿಕೆ ಅಂಗಡಿಗೆ ಹೋದಾಗ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಂಬುವುದಿಲ್ಲ. ಗೊಂಬೆಯ ಮೊಣಕಾಲನ್ನೇ ಹುಡುಕುತ್ತದೆ.